ಬಾಳೆಲೆಯ ವ್ಯಾಪಾರಿಗೆ ಡಿಜಿಟಲ್ ಪಾವತಿ: ವೆಚ್ಚವೆಷ್ಟು, ಲಾಭವೆಷ್ಟು?

ಕೊಡಗಿನ ಬಾಳೆಲೆಯಂತಹ ಊರಿನಲ್ಲಿ ಕಾಫಿಪುಡಿ, ಕರಿಮೆಣಸು ಅಥವಾ ದಿನಸಿ ಮಾರುವವರು ಡಿಜಿಟಲ್ ಪಾವತಿಯನ್ನು ಒಪ್ಪಿಕೊಳ್ಳುವಾಗ, ಯಾವ ಮಾರ್ಗಕ್ಕೆ ಎಷ್ಟು ಶುಲ್ಕವೆಂಬುದನ್ನು ಪ್ರತ್ಯೇಕವಾಗಿ ಲೆಕ್ಕಹಾಕುವುದು ಅಗತ್ಯ.

ಮಾರಾಟದ ಮೊತ್ತದಿಂದ ಬ್ಯಾಂಕು ಮತ್ತು ಪಾವತಿ ಸಂಸ್ಥೆಗಳು ಕಡಿತ ಮಾಡಿಕೊಳ್ಳುವ ಪಾಲಿಗೆ ಎಂಡಿಆರ್ ಎಂದು ಹೆಸರು. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಪಾವತಿಗೂ ರೂಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಈ ದರ ಶೂನ್ಯವಾಗಿದೆ. ಆದರೆ ಹಣ ಬಂದುದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸಿಗೆ ತಿಂಗಳ ಬಾಡಿಗೆ ಇರಬಹುದಾದ್ದರಿಂದ, ಅದನ್ನೂ ವೆಚ್ಚಕ್ಕೆ ಸೇರಿಸಬೇಕು.

ದೂರದ ಗ್ರಾಹಕರಿಗೆ ಅಂಚೆಯಲ್ಲಿ ಕಾಫಿಪುಡಿ ಕಳುಹಿಸುವವರು ಪೇಮೆಂಟ್ ಗೇಟ್‌ವೇಯನ್ನು, ಎಂದರೆ ಜಾಲತಾಣದಲ್ಲಿ ಗ್ರಾಹಕರ ಹಣವನ್ನು ಪಡೆದು ಮಾರಾಟಗಾರರ ಖಾತೆಗೆ ತಲುಪಿಸುವ ಸೇವೆಯನ್ನು ಬಳಸಿದಾಗ ಲೆಕ್ಕ ಬದಲಾಗುತ್ತದೆ: ಶುಲ್ಕ ಶೇಕಡಾ 2 ಆಗಿದ್ದು ಅದಕ್ಕೆ ಜಿಎಸ್‌ಟಿ ಅನ್ವಯಿಸುವುದಾದರೆ, 1,000 ರೂಪಾಯಿಯಲ್ಲಿ 20 ರೂಪಾಯಿ ಶುಲ್ಕವೂ ಆ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿಯಾಗಿ 3.60 ರೂಪಾಯಿಯೂ ಕಳೆದು, 976.40 ರೂಪಾಯಿ ಕೈಸೇರುತ್ತದೆ.

ಇದಕ್ಕೆ ಪ್ರತಿಯಾಗಿ ಚಿಲ್ಲರೆಯ ತೊಡಕು ತಪ್ಪುತ್ತದೆ, ಊರಾಚೆಯ ಗ್ರಾಹಕರು ಸಿಗುತ್ತಾರೆ, ಬ್ಯಾಂಕ್ ಸಾಲಕ್ಕೆ ಅನುಕೂಲವಾಗುವ ವಹಿವಾಟಿನ ದಾಖಲೆ ಬೆಳೆಯುತ್ತದೆ. ಅದೇ ದಾಖಲೆಯ ಆಧಾರದ ಮೇಲೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ 2025ರಲ್ಲಿ ಅನೇಕ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ನೀಡಿದಾಗ ಕೆಲವರು ನಗದಿಗೆ ಮರಳಿದರು; ಆದರೆ ಜಿಎಸ್‌ಟಿ ನೋಂದಣಿಯ ಹೊಣೆ ನಿಂತಿರುವುದು ಮುಖ್ಯವಾಗಿ ಒಟ್ಟು ವಹಿವಾಟಿನ ಮೇಲೆಯೇ ಹೊರತು ಪಾವತಿಯ ವಿಧಾನದ ಮೇಲಲ್ಲ.

ಆದುದರಿಂದ ಅಂಗಡಿಯ ವ್ಯಾಪಾರಕ್ಕೆ ಯುಪಿಐಯನ್ನೂ, ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ನಗದನ್ನೂ ಆಶ್ರಯಿಸಿ, ಗೇಟ್‌ವೇಯ ಶುಲ್ಕವನ್ನು ಅಂಚೆ ಮಾರಾಟದ ಬೆಲೆಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ಸಣ್ಣ ವ್ಯಾಪಾರಿಗೆ ಲಾಭಕರ.