ಮೇಷ್ಟ್ರ ಹಾರ್ಮೋನಿಯಂ ಮತ್ತು ನಮ್ಮ ಬಜೆಟ್

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿರುವ ಗೂಳೂರನ್ನು ಹೆಚ್ಚಿನವರು ಬಲ್ಲದ್ದು ಅಲ್ಲಿನ ಮಣ್ಣಿನ ಮಹಾಗಣಪತಿಯಿಂದ. ಚೌತಿಯಂದು ಮೂರ್ತಿಯ ಕೆಲಸ ಆರಂಭಿಸಿ, ಬಲಿಪಾಡ್ಯಮಿಯಿಂದ ಕಾರ್ತಿಕ ಮುಗಿಯುವ ತನಕ ಪೂಜಿಸಿ, ಕೊನೆಗೆ ಊರ ಕೆರೆಗೆ ಬಿಡುತ್ತಾರೆ. ನಾನು ಅಲ್ಲಿಗೆ ಹೋದದ್ದು ಗಣಪತಿಗಾಗಿ ಅಲ್ಲ. ಎಂಬತ್ತನಾಲ್ಕು ದಾಟಿದ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಹುಡುಕಿಕೊಂಡು. ಅವರ ಕುರಿತು ಒಂದು ಸಾಕ್ಷ್ಯಚಿತ್ರ ಮಾಡಬೇಕೆಂಬುದು ನನ್ನ ಮತ್ತು ಇಬ್ಬರು ಗೆಳೆಯರ ಬಯಕೆ. ಚಿತ್ರ ಮುಗಿಯುವ ಮುನ್ನ ತಮ್ಮ ಹೆಸರು ಎಲ್ಲಿಯೂ ಬರಕೂಡದೆಂದು ಅವರು ಷರತ್ತು ಹಾಕಿರುವುದರಿಂದ ಇಲ್ಲಿ ಅವರು ಬರೀ ಮೇಷ್ಟ್ರು.

ನಗರದ ಓದುಗರಿಗೆ ಈ ವೃತ್ತಿಯ ಪರಿಚಯ ಇರಲಾರದು. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳಿಗೆ ಪೌರಾಣಿಕ ನಾಟಕ ಆಡುವವರು ವೃತ್ತಿನಟರಲ್ಲ; ರೈತರು, ಬಸ್ ಚಾಲಕರು, ಗುಮಾಸ್ತರು. ಅವರಿಗೆ ಕಂದ, ವೃತ್ತ, ರಂಗಗೀತೆಗಳನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿ, ಆಟದ ರಾತ್ರಿ ಬೆಳಗಿನ ತನಕ ಹಾರ್ಮೋನಿಯಂ ನುಡಿಸಿ, ಸಾಲು ಮರೆತವನಿಗೆ ಕಣ್ಸನ್ನೆಯಲ್ಲೇ ಸಾಲು ಎತ್ತಿಕೊಡುವವರು ಈ ಮೇಷ್ಟ್ರುಗಳು. ಇದರ ಬೇರು ಪಕ್ಕದ ಗುಬ್ಬಿಯಲ್ಲಿದೆ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಕಂಪನಿಯ ವೈಭವ ಕರಗಿದರೂ ಅದರ ಮಟ್ಟುಗಳು ಹಳ್ಳಿಗಳಲ್ಲಿ ಉಳಿದವು. ಉಳಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಬರೆದಿಡದೆ ಇರಲು ಕಾರಣವೂ ಇತ್ತು. ಹಾರ್ಮೋನಿಯಂ ವಿದೇಶಿ ವಾದ್ಯ, ಅದರಲ್ಲಿ ಗಮಕ ಬಾರದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಮೇಷ್ಟ್ರ ಬೆರಳು ಚುರುಕಾಗಿದ್ದ ಕಾಲ ಬಹುಪಾಲು ಅದೇ. ‘ನಮ್ಮ ಪೆಟ್ಟಿಗೆಯನ್ನು ರೇಡಿಯೋದವರು ಮುಟ್ಟಿಸಿಕೊಳ್ಳುತ್ತಿರಲಿಲ್ಲ’ ಎಂದು ಅವರು ನಗುತ್ತಾರೆ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಕುರಿತು ಸಾಕ್ಷ್ಯಚಿತ್ರ ಮಾಡಿದಾಗ ಕವಿಗೆ ಎಪ್ಪತ್ತಾರು ವರ್ಷ. ಗುಬ್ಬಿ ವೀರಣ್ಣ ತೀರಿಕೊಂಡದ್ದು ಅದೇ ವರ್ಷ. ವಯಸ್ಸಾದವರ ಚಿತ್ರ ತೆಗೆಯುವವನಿಗೆ ಇಂಥ ವರ್ಷಗಳ ಲೆಕ್ಕ ಸದಾ ತಲೆಯಲ್ಲಿ ಕುಟುಕುತ್ತಿರುತ್ತದೆ.

ಮೊದಲ ಭೇಟಿಯಲ್ಲೇ ಮೇಷ್ಟ್ರು ಕೇಳಿದ್ದು, ‘ಬಜೆಟ್ ಎಷ್ಟು?’ ಆರು ಲಕ್ಷ ಎಂದೆ. ‘ಅದರಲ್ಲಿ ನನ್ನದೆಷ್ಟು?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕ್ಯಾಮೆರಾ ಬಾಡಿಗೆ, ಧ್ವನಿಗ್ರಹಣ, ಸಂಕಲನ, ಬಣ್ಣದ ತಿದ್ದುಪಡಿ, ಉಪಶೀರ್ಷಿಕೆ, ಚಿತ್ರೋತ್ಸವಗಳ ಪ್ರವೇಶಶುಲ್ಕ, ಚಹಾ ತಿಂಡಿ ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಯಾರಿಲ್ಲದೆ ಚಿತ್ರವೇ ಇಲ್ಲವೋ ಅವರಿಗೆ ಸಾಲು ಇರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೊಂದು ತತ್ವವೂ ಉಂಟು: ಹಣ ಕೊಟ್ಟರೆ ವ್ಯಕ್ತಿ ನಟನಾಗುತ್ತಾನೆ, ಸತ್ಯ ಕೆಡುತ್ತದೆ. ನಾನೂ ಅದನ್ನು ನಂಬಿಕೊಂಡೇ ಬಂದವನು. ಆದರೆ ಮೂರು ತಿಂಗಳು ನಮ್ಮ ಮುಂದೆ ಕುಳಿತು ನುಡಿಸುವ ಮನುಷ್ಯ ಆ ಮೂರು ತಿಂಗಳು ಬೇರೆ ಹಳ್ಳಿಗೆ ನಾಟಕ ಕಲಿಸಲು ಹೋಗಲಾರ ಎಂಬ ಸರಳ ಗಣಿತ ನನಗೆ ಹೊಳೆದದ್ದು ಅಂದೇ.

ಹಣದ ದಾರಿಗಳು ಮೊದಲೇ ಕೆಲವೇ. 1948ರಲ್ಲಿ ಆರಂಭವಾದ ಫಿಲಂಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳು ಬೆರಳೆಣಿಕೆಯಷ್ಟು. ನಾವು ಅರ್ಜಿ ಹಾಕಿದ್ದು ಹೊರಗಿನ ಬೇರೊಂದು ಸಂಸ್ಥೆಗೆ. ಹನ್ನೊಂದು ತಿಂಗಳ ನಂತರ ಎರಡು ಸಾಲಿನ ನಿರಾಕರಣೆ ಬಂತು. ಆ ಹನ್ನೊಂದು ತಿಂಗಳಲ್ಲಿ ಮೇಷ್ಟ್ರ ಎಡಗಿವಿ ಮಂದವಾಯಿತು, ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿ ಪೆಡಲ್ ಹಾರ್ಮೋನಿಯಂ ತುಳಿಯುವುದು ನಿಂತಿತು. ನಾವು ಚಿತ್ರೀಕರಿಸಬೇಕೆಂದಿದ್ದ ಮೊದಲ ದೃಶ್ಯವೇ ಆ ತುಳಿತ.

ದಾರಿ ತೋರಿಸಿದವರು ಮೇಷ್ಟ್ರೇ. ‘ಪಾತ್ರ ಹಂಚಿ’ ಎಂದರು. ಹಳ್ಳಿಯ ಪೌರಾಣಿಕ ನಾಟಕದಲ್ಲಿ ನಟನಿಗೆ ಸಂಭಾವನೆ ಇಲ್ಲ. ನಟನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ದೊಡ್ಡ ಮೊತ್ತ, ದ್ವಾರಪಾಲಕನಿಗೆ ಅಲ್ಪ. ಸೀನರಿ, ಮೈಕು, ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟ ಕಥೆಯನ್ನೂ, 2013ರ ‘ಲೂಸಿಯಾ’ಗೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ 50 ಲಕ್ಷಕ್ಕೂ ಮಿಕ್ಕಿ ಕೂಡಿಸಿದ್ದನ್ನೂ ನಾವು ಬೆರಗಿನಿಂದ ಹೇಳಿಕೊಳ್ಳುತ್ತೇವೆ. ಮೇಷ್ಟ್ರಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ.

ಅವರ ಹಳೆಯ ಶಿಷ್ಯರ ಪಟ್ಟಿ ಹಿಡಿದು ಹೊರಟೆವು. ಗುಬ್ಬಿ ಕಡೆಯ ಅಡಿಕೆ ಬೆಳೆಗಾರ, ಕುಣಿಗಲ್ಲಿನ ನಿವೃತ್ತ ಬಸ್ ಚಾಲಕ, ಬೆಂಗಳೂರಿನಲ್ಲಿ ಬ್ಯಾಂಕು ಸೇರಿದ ಒಬ್ಬ ಶಕುನಿ. ಎರಡು ತಿಂಗಳಲ್ಲಿ ಮೂರು ಲಕ್ಷ ಕೂಡಿತು. ತೊಡಕೂ ಕೂಡಿತು. ದುಡ್ಡು ಕಟ್ಟಿದವನು ಪಾತ್ರ ಕೇಳುವುದು ನ್ಯಾಯವೇ; ಪ್ರತಿಯೊಬ್ಬನಿಗೂ ತನ್ನ ಹಾಡು ಚಿತ್ರದಲ್ಲಿ ಪೂರ್ತಿ ಬರಬೇಕು. ಒಬ್ಬ ಕೃಷ್ಣನಂತೂ ಹದಿನಾಲ್ಕು ನಿಮಿಷ ಹಾಡಿ, ಒಂದು ಆಲಾಪವನ್ನೂ ಕತ್ತರಿಸಕೂಡದೆಂದು ಎಚ್ಚರಿಸಿ ಹೋದ. ‘ಸ್ವತಂತ್ರ’ ಎಂಬ ವಿಶೇಷಣವನ್ನು ನಮ್ಮ ಚಿತ್ರಕ್ಕೆ ಇನ್ನು ಹಚ್ಚಬಹುದೇ ಎಂದು ಸಂಕಲನದ ಮೇಜಿನ ಮುಂದೆ ಅನೇಕ ಸಲ ಯೋಚಿಸಿದ್ದೇನೆ. ಆದರೆ ಸಂಸ್ಥೆಯ ಅರ್ಜಿಗಾಗಿ ಮೇಷ್ಟ್ರನ್ನು ‘ಅಳಿವಿನಂಚಿನ ಪರಂಪರೆಯ ಕೊನೆಯ ಕೊಂಡಿ’ ಎಂದು ಬರೆದವನೂ ನಾನೇ. ಆಗಲೂ ದುಡ್ಡು ಕೊಡುವವರಿಗೆ ಬೇಕಾದ ರಾಗವನ್ನೇ ಹಾಡಿದ್ದೆ. ಈ ಕೃಷ್ಣ ಕನಿಷ್ಠ ಎದುರಿಗೆ ಬಂದು ಕೇಳುತ್ತಾನೆ.

ಬಜೆಟ್ಟಿನ ಮೊದಲ ಸಾಲು ಈಗ ಮೇಷ್ಟ್ರ ಸಂಭಾವನೆ. ಒಂದು ನಾಟಕ ಕಲಿಸಿದರೆ ಎಷ್ಟು ಪಡೆಯುತ್ತಿದ್ದರೋ ಅಷ್ಟೇ. ಹೆಚ್ಚು ಕೊಟ್ಟದ್ದನ್ನು ಎಣಿಸಿ ಹಿಂದಿರುಗಿಸಿದರು. ನಮ್ಮ ಮೂವರಲ್ಲಿ ಒಬ್ಬ ಗೆಳೆಯ, ಇದು ಸಾಕ್ಷ್ಯಚಿತ್ರದ ಧರ್ಮವಲ್ಲವೆಂದು ತಂಡ ಬಿಟ್ಟ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಣ ಪಡೆದ ಮೇಲೆ ಮೇಷ್ಟ್ರು ಕ್ಯಾಮೆರಾ ಮುಂದೆ ಒಗೆದ ಜುಬ್ಬಾ ಹಾಕಿಕೊಂಡು ಕೂರತೊಡಗಿದ್ದು ನಿಜ.

ಕಳೆದ ವಾರ ಕರಡು ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಲು ಗೂಳೂರಿಗೆ ಹೋಗಿದ್ದೆ. ಕೇಳುವ ಬಲಗಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು, ಅಲುಗಾಡದೆ, ಎಪ್ಪತ್ತು ನಿಮಿಷ ನೋಡಿದರು. ತಮ್ಮ ಮುಖದ ಬಗ್ಗೆ, ಮಾತಿನ ಬಗ್ಗೆ ಏನೂ ಹೇಳಲಿಲ್ಲ. ‘ಮಧ್ಯಮದ ರೀಡು ಸ್ವಲ್ಪ ಇಳಿದಿದೆ, ಅಂದು ನನಗೆ ಕೇಳಿಸಿರಲಿಲ್ಲ. ರಿಪೇರಿಗೆ ಕೊಟ್ಟಿದ್ದೇನೆ. ಅದು ಬಂದ ಮೇಲೆ ಎಲ್ಲ ಹಾಡನ್ನೂ ಇನ್ನೊಮ್ಮೆ ತೆಗೆಯಿರಿ’ ಎಂದರು. ಖಾತೆಯಲ್ಲಿ ಉಳಿದಿರುವುದು ಹನ್ನೊಂದು ಸಾವಿರ. ಕ್ಯಾಮೆರಾ ಬಾಡಿಗೆಗೆ ಎರಡು ದಿನಕ್ಕೆ ಸಾಕಾಗುತ್ತದೆ. ಮೇಷ್ಟ್ರ ಸಾಲಿಗೆ ಏನು ಬರೆಯಬೇಕೆಂದು ಶಿಷ್ಯರನ್ನೇ ಕೇಳಬೇಕು.