ಹಸಿರಾದದ್ದೆಲ್ಲ ಸೊಪ್ಪಲ್ಲ

ರಾಮನಗರ, ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಯಲ್ಲಿ ಒಂದು ರಾತ್ರಿ ತಂಗಿ ನೋಡಿ. ಎಲ್ಲರೂ ಮಲಗಿದ ಮೇಲೆ ಹೆಂಚಿನ ಮೇಲೆ ಸೋನೆ ಹಿಡಿದಂಥ ಸದ್ದು ಕೇಳುತ್ತದೆ. ಎದ್ದು ಹೊರಗೆ ಬಂದರೆ ಅಂಗಳ ಒಣಗಿರುತ್ತದೆ. ಅದು ಕೊನೆಯ ಹಂತದ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು. ಇಷ್ಟು ಹೊಟ್ಟೆಬಾಕ ಜೀವಿ ಏನು ಕೊಟ್ಟರೂ ತಿಂದೀತು ಅನಿಸುವುದು ಸಹಜ. ಒಂದೇ ಗಿಡವನ್ನು ನಂಬಿದ ಕೀಟಗಳ ಬಗ್ಗೆ ನಾವು ಎಡವುವುದು ಅಲ್ಲಿಂದಲೇ.

ನಂಬಿಕೆ: ಹಸಿವಾದರೆ ಹುಳು ಯಾವ ಸೊಪ್ಪನ್ನಾದರೂ ತಿನ್ನುತ್ತದೆ.

ಸತ್ಯ: ರೇಷ್ಮೆ ಹುಳುವಿಗೆ ಹಿಪ್ಪುನೇರಳೆಯೇ ಊಟ. ಬೇರೆ ಸೊಪ್ಪಿನ ರಾಶಿಯ ಮೇಲೆ ಬಿಟ್ಟರೆ ಅದರ ಮೇಲೆಯೇ ಹರಿದಾಡಿ, ಬಾಯಿ ಹಾಕದೆ, ಉಪವಾಸ ಸಾಯುತ್ತದೆ. ಇದು ಹಟವಲ್ಲ, ಬಾಯಿಯ ಕಾವಲು. ಬಾಯಿಯ ಬಳಿಯ ರುಚಿ ಗ್ರಾಹಕಗಳು ಎಲೆಯನ್ನು ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಕಚ್ಚಲು ಬಿಡುತ್ತವೆ. 2019ರಲ್ಲಿ ಚೀನಾದ ವಿಜ್ಞಾನಿಗಳು ಹುಳುವಿನ ಜಿಆರ್66 ಎಂಬ ಒಂದೇ ಒಂದು ಗ್ರಾಹಕದ ಜೀನನ್ನು ಕೆಡಿಸಿದರು. ಸಾಮಾನ್ಯ ಹುಳು ಮೂಸಿಯೂ ನೋಡದ ಹಣ್ಣು, ಕಾಳುಗಳನ್ನು ಆ ಹುಳುಗಳು ತಿನ್ನತೊಡಗಿದವು. ಬೇರೆ ಆಹಾರ ಬೇಡವೆನ್ನುತ್ತಿದ್ದ ಕಾವಲುಗಾರ ಅಲ್ಲಿದ್ದ.

ನಂಬಿಕೆ: ಹಿಪ್ಪುನೇರಳೆ ಸಾಧು ಸೊಪ್ಪು, ಯಾವ ಹುಳುವಿಗೆ ಹಾಕಿದರೂ ಬೆಳೆಯುತ್ತದೆ.

ಸತ್ಯ: ಉಳಿದ ಸೊಪ್ಪನ್ನು ದನ, ಮೇಕೆ ಮೇಯುವುದರಿಂದ ಹೀಗನ್ನಿಸುತ್ತದೆ. ಎಲೆಯ ತೊಟ್ಟು ಮುರಿದು ನೋಡಿ, ಬಿಳಿ ಹಾಲು ಜಿನುಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಅದರಲ್ಲಿ ಸಕ್ಕರೆಯ ವೇಷ ಹಾಕಿದ ರಾಸಾಯನಿಕಗಳಿವೆ. ಅವು ಕರುಳಿನಲ್ಲಿ ಸಕ್ಕರೆ ಅರಗಿಸುವ ಕಿಣ್ವಗಳ ಕೈಕಟ್ಟುತ್ತವೆ. ಹರಳು ಸೊಪ್ಪು ತಿಂದು ಬದುಕುವ ಏರಿ ರೇಷ್ಮೆ ಹುಳುವಿಗೂ ಈ ಹಾಲು ವಿಷವೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಎರಡೂ ರೇಷ್ಮೆ ಹುಳುಗಳೇ. ಒಂದರ ಮೃಷ್ಟಾನ್ನ ಇನ್ನೊಂದಕ್ಕೆ ಕೇಡು. ಹಿಪ್ಪುನೇರಳೆ ತಿನ್ನುವ ನಮ್ಮ ಹುಳುವಿನ ಹೊಟ್ಟೆಯಲ್ಲಿ ಮಾತ್ರ ಈ ಮೋಸಕ್ಕೆ ಜಗ್ಗದ ಕಿಣ್ವವಿದೆ. ಅಂದರೆ ಒಂದೇ ಗಿಡಕ್ಕೆ ಅಂಟಿಕೊಂಡಿರುವುದು ಬರೀ ನಾಲಿಗೆಯ ಚಪಲವಲ್ಲ, ಕರುಳೂ ಅದಕ್ಕೆ ತಕ್ಕಂತೆ ಸಿದ್ಧವಾಗಿದೆ.

ನಂಬಿಕೆ: ಹಿಪ್ಪುನೇರಳೆಯಾದರೆ ಸಾಕು, ಎಳೆಯದೋ ಬಲಿತದ್ದೋ ನೋಡಬೇಕಿಲ್ಲ.

ಸತ್ಯ: ಸೋಲು ಗೆಲುವು ಇರುವುದೇ ಇಲ್ಲಿ. ಮೊಟ್ಟೆಯೊಡೆದು ಬಂದ ಹುಳು ಸುಮಾರು ಅರ್ಧ ಮಿಲಿಗ್ರಾಂ ತೂಗುತ್ತದೆ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟಿನಷ್ಟು ಏರುತ್ತದೆ. ಮೊದಲ ಎರಡು ಹಂತಗಳಲ್ಲಿ, ಅಂದರೆ ಚಾಕಿಯಲ್ಲಿ, ಅದರ ದವಡೆ ಇನ್ನೂ ಸೂಕ್ಷ್ಮ. ಆಗ ಬೇಕಾದದ್ದು ತುದಿಯ ಕೆಳಗಿನ, ಮೃದುವಾದ, ಫಳಫಳ ಹೊಳೆಯುವ ಎಲೆ. ಅದನ್ನೂ ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ಚಾಕಿಗೆ ಬಲಿತ ಎಲೆ ಹಾಕಿದರೆ ಕೆಲವು ತಿನ್ನುತ್ತವೆ, ಕೆಲವು ತಿನ್ನಲಾರವು. ತಟ್ಟೆಯಲ್ಲಿ ದೊಡ್ಡದು ಚಿಕ್ಕದು ಎಂಬ ಏರುಪೇರು ಶುರುವಾಗುತ್ತದೆ.

ಕೊನೆಯ ಹಂತದಲ್ಲಿ ಲೆಕ್ಕ ತಿರುಗುಮುರುಗು. ಜೀವಮಾನದ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಖರ್ಚಾಗುವುದು ಐದನೇ ಹಂತದಲ್ಲೇ. ರೇಷ್ಮೆ ಗ್ರಂಥಿ ತುಂಬುವುದೂ ಆಗಲೇ. ಈಗ ಹದವಾಗಿ ಬಲಿತ, ಪ್ರೋಟೀನು ತುಂಬಿದ ಎಲೆ ಬೇಕು. ಈ ಹಂತದಲ್ಲಿ ಬರೀ ಎಳೆ ಸೊಪ್ಪು ಹಾಕಿದರೆ ರೋಗ ತಗಲುವ ಸಾಧ್ಯತೆ ಹೆಚ್ಚು. ಚಾಕಿಗೆ ಎಸ್36, ದೊಡ್ಡ ಹುಳುವಿಗೆ ವಿ1 ಎಂದು ರೈತರು ತಳಿ ಆರಿಸುವುದು ಈ ಕಾರಣಕ್ಕೇ.

ನಂಬಿಕೆ: ಹುಳುವಿಗೆ ಬಾಯಾರುತ್ತದೆ, ಸೊಪ್ಪಿಗೆ ನೀರು ಚಿಮುಕಿಸಿ ಹಾಕಬೇಕು.

ಸತ್ಯ: ರೇಷ್ಮೆ ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರು ಸಿಗುವುದು ಎಲೆಯ ಒಳಗಿನಿಂದ, ಎಲೆಯ ಮೇಲಿನಿಂದಲ್ಲ. ಹಾಗಾಗಿ ಬೆಳಗಿನ ತಂಪಿನಲ್ಲಿ ಸೊಪ್ಪು ಕೊಯ್ದು, ಒದ್ದೆ ಗೋಣಿಯ ನೆರಳಿನಲ್ಲಿ ಬಾಡದಂತೆ ಕಾಪಾಡಬೇಕು. ತೊಟ್ಟಿಕ್ಕುವ ಸೊಪ್ಪು ಹಾಸಿಗೆಯನ್ನು ತೇವ ಮಾಡುತ್ತದೆ. ಸುಣ್ಣಕಟ್ಟು ರೋಗದ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ.

ನಂಬಿಕೆ: ತಿನ್ನುವುದು ನಿಲ್ಲಿಸಿದರೆ ಹುಳುವಿಗೆ ಕಾಯಿಲೆ. ‘ಜ್ವರ’ ಎಂದು ಹೆಸರೇ ಹೇಳುತ್ತದಲ್ಲ!

ಸತ್ಯ: ಹೆಸರು ಮೋಸ ಮಾಡಿದೆ. ಜ್ವರ ಎಂದರೆ ಪೊರೆ ಬಿಡುವ ಹೊತ್ತು. ಹುಳು ತಲೆಯೆತ್ತಿ, ಧ್ಯಾನಕ್ಕೆ ಕೂತಂತೆ ಅಲುಗಾಡದೆ ನಿಲ್ಲುತ್ತದೆ. ಹೀಗೆ ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ. ಆಗ ‘ಪಾಪ, ಹಸಿದಿದೆ’ ಎಂದು ಸೊಪ್ಪು ಹಾಕುವುದೇ ತಪ್ಪು. ಮೊದಲೆದ್ದವು ತಿಂದು ಮುಂದೆ ಹೋಗುತ್ತವೆ, ತಡವಾಗಿ ಎದ್ದವು ಹಿಂದೆ ಬೀಳುತ್ತವೆ. ಅನುಭವಸ್ಥರು ಹಾಸಿಗೆ ಒಣಗಲು ಸುಣ್ಣದ ಪುಡಿ ಉದುರಿಸಿ, ಬಹುಪಾಲು ಹುಳು ಏಳುವವರೆಗೆ ಕೈಕಟ್ಟಿ ಕಾಯುತ್ತಾರೆ. ಊಟ ಎಷ್ಟು ಮುಖ್ಯವೋ ಊಟದ ಹೊತ್ತೂ ಅಷ್ಟೇ ಮುಖ್ಯ.

ನಂಬಿಕೆ: ಹೂವಿನ ಗಿಡ ನೆಟ್ಟರೆ ಚಿಟ್ಟೆಗಳು ಉಳಿಯುತ್ತವೆ.

ಸತ್ಯ: ಹೂವಿನ ಮಕರಂದ ಬೆಳೆದ ಚಿಟ್ಟೆಯ ಪಾನಕ ಮಾತ್ರ. ಸಂತಾನ ಬೆಳೆಯುವುದು ಎಲೆಯ ಮೇಲೆ. ರೇಷ್ಮೆ ಪತಂಗಕ್ಕಂತೂ ಉಣ್ಣುವ ಬಾಯಿಯೇ ಇಲ್ಲ. ನೂರಾರು ಮೊಟ್ಟೆಗಳಿಗೆ ಬೇಕಾದ ಬಂಡವಾಳವನ್ನೆಲ್ಲ ಹುಳುವಾಗಿದ್ದಾಗಲೇ ಸೊಪ್ಪಿನಿಂದ ಕೂಡಿಟ್ಟಿರುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗೆ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟ ಗಿಡಗಳೇ ಗತಿ. ಆ ಗಿಡಗಳಿಲ್ಲದ ಕಡೆ ತೋಟದ ತುಂಬ ಹೂವಿದ್ದರೂ ಅದರ ವಂಶ ಬೆಳೆಯದು.

ಹುಳುವಿನ ಬದುಕು, ತೂಕ, ಗೂಡು, ಮುಂದಿನ ಪೀಳಿಗೆ ಎಲ್ಲವೂ ತೀರ್ಮಾನವಾಗುವುದು ಸರಿಯಾದ ಗಿಡ, ಸರಿಯಾದ ಎಲೆ, ಸರಿಯಾದ ಹೊತ್ತು ಒಟ್ಟಿಗೆ ಸಿಕ್ಕಾಗ. ರೇಷ್ಮೆ ಸಾಕುವವರಿಗೆ ಇದು ತಿಳಿದ ವಿಷಯ. ತಿಳಿಯಬೇಕಾದವರು ಬೇಲಿ ಸವರುವ ನಾವು. ಮುಂದಿನ ಸಲ ಎಕ್ಕದ ಗಿಡಕ್ಕೆ ಕುಡುಗೋಲು ಹಾಕುವ ಮುನ್ನ ಎಲೆಗಳನ್ನೊಮ್ಮೆ ತಿರುವಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಯೊಂದು ಅಲ್ಲಿ ಮೇಯುತ್ತಿದ್ದರೆ, ಅದು ಚಿಟ್ಟೆಯಾಗಿ ಹಾರುವ ತನಕ ಗಿಡವನ್ನು ಬಿಟ್ಟುಬಿಡಿ.