ಕದಳೀಪ್ರಿಯನ ಊರಿನಲ್ಲಿ ಸಿಹಿಯ ಜೋಡಿ

ಸಿಂಹ ಸಂಕ್ರಮಣದ ಬೆಳಿಗ್ಗೆ ಪೆರ್ಡೂರಿನಲ್ಲಿ ಬಸ್ಸಿಳಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವುದು ಬಾಳೆಹಣ್ಣು. ಇಲ್ಲಿನ ದೇವರು ಅನಂತಪದ್ಮನಾಭ ಕದಳೀಪ್ರಿಯ, ಬಾಳೆಹಣ್ಣು ಅವನಿಗಿಷ್ಟ. ಉಡುಪಿಯಿಂದ ಮಣಿಪಾಲ, ಹಿರಿಯಡಕ ದಾಟಿ ಬಂದ ಬಸ್ಸುಗಳು ಆಗುಂಬೆಯತ್ತ ಸಾಗುವ ಮೊದಲು ಈ ದಿನ ದೇವರ ದರ್ಶನಕ್ಕೆ ಬರುವ ಹೊಸ ಮದುಮಕ್ಕಳನ್ನು ಇಳಿಸಿ ಹೋಗುತ್ತವೆ. ರೇಷ್ಮೆ ಸೀರೆಯ ನೆರಿಗೆಗೆ ಕೆಸರು ಸಿಡಿಯದಂತೆ ಒಬ್ಬಳು ಜಾಗ್ರತೆ ಮಾಡುತ್ತಿದ್ದರೆ, ಗಂಡನ ಕೈಯ ಕೊಡೆ ಅವನೊಬ್ಬನ ತಲೆಯ ಮೇಲೆಯೇ ಇದೆ. ಅಂಗಡಿ ಸಾಲಿನಲ್ಲಿ ಗೊನೆಗಳು ತೂಗುತ್ತಿವೆ. ಜಗಲಿಯಲ್ಲಿ ಕೂತ ಹಿರಿಯರೊಬ್ಬರು ಎರಡನೆಯ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಾರೆ.

"ಅಪ್ಪಾ, ಶುಗರ್ ಉಂಟಲ್ಲ ನಿಮಗೆ!"

"ಪ್ರಸಾದಕ್ಕೆ ಎಂತ ಶುಗರ್?"

ಹಣ್ಣು ಬಾಯಿಗೆ ಹೋಯಿತು. ಅದು ಕಾಯಾಗಿದ್ದಾಗ ತುಂಬಿದ್ದ ಪಿಷ್ಟ ಈಗ ಬಹುಪಾಲು ಸಕ್ಕರೆಯಾಗಿದೆ. ಸಕ್ಕರೆ ಸಿಹಿಯೆನಿಸಬೇಕಾದರೆ ಮಾತ್ರ ಅದು ನಾಲಗೆಯ ರುಚಿಮೊಗ್ಗಿಗೆ ಇಳಿಯಬೇಕು. ಮೊಗ್ಗೊಂದರಲ್ಲಿ 50ರಿಂದ 100 ಜೀವಕೋಶಗಳು. ಸಿಹಿಯ ಕೆಲಸ ಅವುಗಳಲ್ಲಿ ಕೆಲವಕ್ಕಷ್ಟೇ. ಆ ಕೋಶಗಳ ಪೊರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳು. ಅದನ್ನು ಏಳೇಳು ಸಲ ಹಾದು ಎರಡು ಪ್ರೋಟೀನುಗಳು ನೆಲೆಸಿವೆ: 839 ಅಮೈನೊ ಆಮ್ಲಗಳ ಟಿ1ಆರ್2, 852ರ ಟಿ1ಆರ್3. ಇವು ಜೋಡಿಯಾದರೇ ಸಿಹಿಯನ್ನು ಗುರುತಿಸುವ ಗ್ರಾಹಕ. ಮದುಮಕ್ಕಳ ಈ ಊರಿಗೆ ತಕ್ಕ ಸಂಗತಿ! ಆದರೆ ಟಿ1ಆರ್3 ಏಕಪತ್ನೀವ್ರತಸ್ಥನಲ್ಲ. ಟಿ1ಆರ್1 ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಉಮಾಮಿ (ಮಾಂಸದ ಸಾರಿನಂಥ) ರುಚಿಯನ್ನೂ ಹಿಡಿಯುತ್ತದೆ.

ಪೊರೆಯ ಹೊರಗೆ ಚಾಚಿದ ಭಾಗವೇ ನೋಡಬೇಕಾದ್ದು. ಕಾಪು ಕಡಲತಡಿಯ ಮರುವಾಯಿ ಚಿಪ್ಪಿನ ಹಾಗೆ ಎರಡು ದಳ, ನಡುವೆ ಸಂದು. ಸಿಹಿಯ ಕಣ ಸಂದಿಗೆ ಬಿದ್ದರೆ ದಳಗಳು ಮುಚ್ಚಿಕೊಳ್ಳುತ್ತವೆ. ಆ ಅಲುಗಾಟ ಪೊರೆಯನ್ನು ದಾಟಿ ಕೋಶದ ಒಳಗಿನ ಜಿ-ಪ್ರೋಟೀನ್ ಎಂಬ ಸಂದೇಶವಾಹಕವನ್ನು ಎಬ್ಬಿಸಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಜೋಡಿಯನ್ನು 2001ರಲ್ಲೇ ಗುರುತಿಸಿದ್ದರೂ, ಮನುಷ್ಯರ ಗ್ರಾಹಕದ ಪೂರ್ಣ ಚಿತ್ರ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಜ಼ುಕರ್ ತಂಡಕ್ಕೆ ದಕ್ಕಿದ್ದು 2025ರಲ್ಲಿ. ಸುಕ್ರಲೋಸ್, ಅಸ್ಪರ್ಟೇಮ್‌ನಂಥ ಕೃತಕ ಸಿಹಿಗಳು ಟಿ1ಆರ್2ರ ಸಂದಿನಲ್ಲೇ ಕೂರುವುದನ್ನು ಆ ಚಿತ್ರ ತೋರಿಸಿತು.

ಈ ಜೋಡಿಯನ್ನು ಸುಮ್ಮನಾಗಿಸುವ ಮಧುನಾಶಿನಿ ಎಂಬ ಬಳ್ಳಿ ಪಶ್ಚಿಮ ಘಟ್ಟದಲ್ಲಿದೆ. ಅದರ ಎಲೆಯನ್ನು ಜಗಿದು ಹಣ್ಣು ತಿಂದರೆ ಕೆಲ ಹೊತ್ತು ಸಿಹಿಯೇ ಮಾಯ. ಎಲೆಯ ಜಿಮ್ನೆಮಿಕ್ ಆಮ್ಲ ಟಿ1ಆರ್3ಕ್ಕೆ ಅಂಟಿಕೊಂಡಿರುತ್ತದೆ. ಜಗಲಿಯ ಹಿರಿಯರಿಗೆ ಈ ವಿಷಯ ಹೇಳದಿರುವುದೇ ಒಳ್ಳೆಯದು.

ಅವರು ಬಾಯಿ ಒರೆಸಿಕೊಂಡರು. ನಾಲಗೆಯ ಪಾಲಿಗೆ ಹಣ್ಣು ಮುಗಿಯಿತು, ಗ್ರಾಹಕದ ಪಾಲಿಗೆ ಮುಗಿದಿಲ್ಲ. ಅದೇ ಪ್ರೋಟೀನುಗಳು ಸಣ್ಣಕರುಳಿನ ಹಾರ್ಮೋನು ಸುರಿಸುವ ಕೋಶಗಳಲ್ಲಿವೆ, ಇನ್ಸುಲಿನ್ ಸ್ರವಿಸುವ ಮೇದೋಜೀರಕದಲ್ಲೂ ಇವೆ. ಅಲ್ಲಿ ರುಚಿ ಹತ್ತದು. ಸಕ್ಕರೆ ಬಂತೆಂಬ ಎಚ್ಚರ ಮಾತ್ರ.

ಜಗಲಿ ಕೆಳಗಿನ ಬೆಕ್ಕು ಬಿದ್ದ ಹಣ್ಣನ್ನು ಮೂಸಿ ಆಚೆ ಹೋಯಿತು. ಬೆಕ್ಕಿನ ಕುಲದಲ್ಲಿ ಟಿ1ಆರ್2ರ ವಂಶವಾಹಿ ಮುರಿದುಹೋಗಿದೆಯೆಂದು 2005ರಲ್ಲಿ ಗೊತ್ತಾಯಿತು. ಹುಲಿಗೂ ಅದೇ ಗತಿ. ಉಡುಪಿಯ ಅಷ್ಟಮಿಗೆ ಕುಣಿಯುವ ಹುಲಿವೇಷದವರು ಬಾಳೆಹಣ್ಣನ್ನು ಚಪ್ಪರಿಸಿ ತಿಂದಾರು. ಅಸಲಿ ಹುಲಿಗೆ ಅದು ಸಪ್ಪೆ.